ಸುಸ್ಥಿರ ಬೇಸಾಯಕ್ಕೆ ಕೃತಕ ಬುದ್ಧಿಮತ್ತೆಯ ಕಲಿಕೆ: ಸಿಂಧನೂರು, ಲಿಂಗಸುಗೂರು, ಮಸ್ಕಿ

ನೀರು, ಮಣ್ಣು ಕೆಡದಂತೆ ಬೇಸಾಯ ಮಾಡಲು ಕೃತಕ ಬುದ್ಧಿಮತ್ತೆಯ ಸಾಧನಗಳನ್ನು ರೈತರಿಗೆ ರೂಢಿ ಮಾಡಿಸುವುದು ಈ ಕಲಿಕೆಯ ಗುರಿ. ರಾಯಚೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಇದರ ಅಗತ್ಯ ಒಂದೇ ಬಗೆಯದಲ್ಲ. ತುಂಗಭದ್ರಾ ಎಡದಂಡೆ ನಾಲೆಯ ಸಿಂಧನೂರು ಭತ್ತದ ನಾಡು. ಒಂದೆಡೆ ಅತಿ ನೀರಾವರಿಯಿಂದ ಜವುಳು, ಸವಳು ಹೆಚ್ಚಿದರೆ, ಇನ್ನೊಂದೆಡೆ ನಾಲೆಯ ಕೊನೆಭಾಗದವರಿಗೆ ನೀರೇ ತಲುಪದು. ಲಿಂಗಸುಗೂರು, ಮಸ್ಕಿಗಳ ಮಳೆಯಾಶ್ರಿತ ಹೊಲಗಳಲ್ಲಿ ತೊಗರಿ, ಹತ್ತಿ, ಸಜ್ಜೆ ಬೆಳೆಯುವವರ ಚಿಂತೆ ಬಿತ್ತನೆಯ ಹದ, ಕೀಟ ಮತ್ತು ಧಾರಣೆ.

ಈ ಭಾಗದ ಕೃಷಿ ಶಿಕ್ಷಣಕ್ಕೆ ಆಧಾರ 2008ರಲ್ಲಿ ಸ್ಥಾಪನೆಯಾದ ರಾಯಚೂರು ಕೃಷಿ ವಿಶ್ವವಿದ್ಯಾಲಯ. ಅದರ ಸಂಶೋಧನಾ ಕೇಂದ್ರವೊಂದು ಸಿಂಧನೂರು ತಾಲ್ಲೂಕಿನ ದಢೇಸುಗೂರಿನಲ್ಲಿದೆ. ಕೃತಕ ಬುದ್ಧಿಮತ್ತೆ ಮನೆಮಾತಾಗುವ ಮೊದಲೇ ಈ ವಿಶ್ವವಿದ್ಯಾಲಯ ಹೊಲದಲ್ಲೇ ಕೀಟ, ರೋಗ ಗುರುತಿಸಲು 'ಇ-ಸ್ಯಾಪ್' ಎಂಬ ತಂತ್ರಾಂಶ ರೂಪಿಸಿತ್ತು.

ಕೃತಕ ಬುದ್ಧಿಮತ್ತೆಯ ಪ್ರಯೋಗವೊಂದು ಹತ್ತಿರದಲ್ಲೇ ನಡೆದಿದೆ: ನೆರೆಯ ಕರ್ನೂಲು ಜಿಲ್ಲೆಯ ದೇವನಕೊಂಡದಲ್ಲಿ 2016ರಲ್ಲಿ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಮತ್ತು ಮೈಕ್ರೋಸಾಫ್ಟ್ 175 ಶೇಂಗಾ ಬೆಳೆಗಾರರಿಗೆ ಬಿತ್ತನೆಯ ದಿನವನ್ನು ತೆಲುಗು ಎಸ್‌ಎಂಎಸ್‌ನಲ್ಲಿ ತಿಳಿಸಿದವು. ಸಾಮಾನ್ಯ ಫೋನೇ ಸಾಕಾಗಿದ್ದುದು ಅದರ ದೊಡ್ಡ ಗುಣ. ಕರ್ನಾಟಕ ಸರ್ಕಾರ 2017ರಲ್ಲಿ ತೊಗರಿ ಬೆಲೆಯ ಮುನ್ಸೂಚನೆಗಾಗಿ ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ರೈತರ ಪ್ರಶ್ನೆಗಳಿಗೆ ಉತ್ತರಿಸುವ ಕೇಂದ್ರ ಸರ್ಕಾರದ 'ಕಿಸಾನ್ ಇ-ಮಿತ್ರ' 2023ರಲ್ಲಿ, ಫೋಟೊದಿಂದ ಕೀಟ ಗುರುತಿಸುವ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆ 2024ರ ಆಗಸ್ಟ್‌ನಲ್ಲಿ ಬಂದವು.

ಆ್ಯಪ್ ಒತ್ತುವುದನ್ನು ಕಲಿಸುವುದು ಸುಲಭ. ಯಂತ್ರದ ಸಲಹೆಯನ್ನು ಹೊಲದಲ್ಲಿ ಪರೀಕ್ಷಿಸುವುದನ್ನು ಕಲಿಸದ ತರಬೇತಿ ಅರೆಬರೆ. ಭತ್ತಕ್ಕೆ ಬಳಸುವ ನೀರು ತಗ್ಗಿಸಲು ಯಂತ್ರದ ಮುನ್ಸೂಚನೆಯಷ್ಟೇ ಸಾಲದು, ನಾಲೆಯಲ್ಲಿ ನೀರು ಬಿಡುವ ಸರದಿಯೂ ಸರಿಯಾಗಬೇಕು.