ಹಳೆಯ ತೈಲನಿಕ್ಷೇಪಗಳಲ್ಲಿ ಸೂಕ್ಷ್ಮಜೀವಿಗಳ ಬಳಕೆ: ಪೋಷಕಾಂಶದ ಆಯ್ಕೆಯ ಪ್ರಶ್ನೆ

ಭೂಗರ್ಭದ ಶಿಲಾರಂಧ್ರಗಳಲ್ಲಿರುವ ಕಚ್ಚಾ ತೈಲವು ಮೊದಲು ನಿಕ್ಷೇಪದ ಸಹಜ ಒತ್ತಡದಿಂದಲೂ, ಅದು ಕುಗ್ಗಿದ ಮೇಲೆ ಹೊರಗಿನಿಂದ ಹಾಯಿಸಿದ ನೀರಿನ ಬಲದಿಂದಲೂ ಮೇಲೆ ಬರುತ್ತದೆ. ಈ ಎರಡು ಹಂತಗಳು ಮುಗಿದಾಗಲೂ ಸಾಮಾನ್ಯವಾಗಿ ಮೂಲ ಸಂಗ್ರಹದ ಅರ್ಧಕ್ಕಿಂತ ಹೆಚ್ಚು ಭಾಗ ಕಲ್ಲಿನಲ್ಲಿಯೇ ಉಳಿದಿರುತ್ತದೆ. ಈ ಶೇಷದಲ್ಲಿ ಒಂದಂಶವನ್ನು ಸೂಕ್ಷ್ಮಜೀವಿಗಳ ಚಟುವಟಿಕೆಯಿಂದ ಹೊರತೆಗೆಯುವ ವಿಧಾನದ ಫಲಾಫಲವು, ಯಾವ ಬ್ಯಾಕ್ಟೀರಿಯವನ್ನು ಬಾವಿಗೆ ಇಳಿಸಲಾಯಿತು ಎಂಬುದಕ್ಕಿಂತ ನಿಕ್ಷೇಪದ ಯಾವ ಜೀವಿಗೆ ಯಾವ ಆಹಾರ ದೊರೆಯಿತು ಎಂಬುದನ್ನೇ ಹೆಚ್ಚಾಗಿ ಅವಲಂಬಿಸಿದೆ ಎಂಬುದು ಈ ಲೇಖನದ ಪ್ರತಿಪಾದನೆ.

ಸೂಕ್ಷ್ಮಜೀವಿಗಳು ಹಲವು ಬಗೆಯಲ್ಲಿ ನೆರವಾಗುತ್ತವೆ. ಹುದುಗುವಿಕೆಯಿಂದ ಹುಟ್ಟುವ ಆಮ್ಲಗಳು ಸುಣ್ಣಕಲ್ಲನ್ನು ಕರಗಿಸಿ ರಂಧ್ರಗಳನ್ನು ಹಿಗ್ಗಿಸುತ್ತವೆ. ಅನಿಲಗಳು ತೈಲದಲ್ಲಿ ಬೆರೆತು ಅದರ ಸ್ನಿಗ್ಧತೆಯನ್ನು, ಅಂದರೆ ಹರಿವಿಗೆ ಅದು ಒಡ್ಡುವ ಪ್ರತಿರೋಧವನ್ನು, ತಗ್ಗಿಸುತ್ತವೆ. ಬ್ಯಾಸಿಲಸ್ ಸಬ್ಟಿಲಿಸ್ ತಯಾರಿಸುವ ಸರ್ಫ್ಯಾಕ್ಟಿನ್ ಎಂಬ ವಸ್ತು ನೀರಿನ ಮೇಲ್ಮೈ ಎಳೆತವನ್ನು ಮೀಟರಿಗೆ 72 ಮಿಲಿನ್ಯೂಟನ್‌ನಿಂದ ಸುಮಾರು 27ಕ್ಕೆ ಇಳಿಸಬಲ್ಲದು. ಆದರೆ ಕಿರುರಂಧ್ರಗಳಲ್ಲಿ ಸಿಕ್ಕಿಬಿದ್ದ ತೈಲವು ಕದಲಬೇಕಾದರೆ ತೈಲ ಮತ್ತು ನೀರಿನ ನಡುವಣ ಎಳೆತವು ನೂರಾರು ಪಟ್ಟು ಕುಸಿಯಬೇಕಾಗುವುದರಿಂದ, ಇಂಥ ವಸ್ತುವೊಂದನ್ನೇ ನೆಚ್ಚುವಂತಿಲ್ಲ. ಹೆಚ್ಚು ಭರವಸೆಯ ಮಾರ್ಗವೆಂದರೆ ಆಯ್ದ ತಡೆ: ನೀರು ಅಗಲವಾದ ದಾರಿಗಳಲ್ಲಿಯೇ ಹರಿಯುವುದರಿಂದ ಅದರಲ್ಲಿ ಕರಗಿದ ಪೋಷಕಾಂಶವೂ ಅಲ್ಲಿಗೇ ಸೇರಿ, ಅಲ್ಲಿಯೇ ಬೆಳೆದ ಜೀವಿಗಳು ಆ ದಾರಿಗಳನ್ನು ಮುಚ್ಚಿ, ತೈಲ ಉಳಿದಿರುವ ಕಿರಿದಾದ ರಂಧ್ರಗಳತ್ತ ನೀರನ್ನು ತಿರುಗಿಸುತ್ತವೆ. ಅಮೆರಿಕದ ಅಲಬಾಮದ ಉತ್ತರ ಬ್ಲೋಹಾರ್ನ್ ಕ್ರೀಕ್ ಕ್ಷೇತ್ರದಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗವು ಇದೇ ತತ್ತ್ವದ ಮೇಲೆ, ಸ್ಥಳೀಯ ಜೀವಿಗಳಿಗೆ ನೈಟ್ರೇಟ್ ಮತ್ತು ಫಾಸ್ಫೇಟ್ ಉಣಿಸಿ ರೂಪಿತವಾಗಿತ್ತು.

ಇದಕ್ಕೆ ಹೋಲಿಸಿದರೆ ಆರಂಭದ ಚಿಂತನೆ ಹೊರಗಿನ ಜೀವಿಗಳತ್ತ ಒಲಿದಿತ್ತು. ಸೂಕ್ಷ್ಮಜೀವಿವಿಜ್ಞಾನಿ ಕ್ಲಾಡ್ ಝೋಬೆಲ್ 1946ರಲ್ಲಿ ಪಡೆದ ಪೇಟೆಂಟ್ ಸಲ್ಫೇಟ್ ಅಪಕರ್ಷಿಸುವ ಬ್ಯಾಕ್ಟೀರಿಯಗಳನ್ನು ಶಿಲಾಸ್ತರಕ್ಕೆ ಸೇರಿಸಲು ಸೂಚಿಸಿತ್ತು. 1954ರಲ್ಲಿ ಅರ್ಕನ್ಸಾಸ್‌ನ ಲಿಸ್ಬನ್ ಕ್ಷೇತ್ರದಲ್ಲಿ ಕ್ಲಾಸ್ಟ್ರಿಡಿಯಂ ಜೀವಿಗಳನ್ನು ಕಾಕಂಬಿಯೊಡನೆ ಇಳಿಸಲಾಯಿತು. ಝೋಬೆಲ್ ನೆಚ್ಚಿದ ಆ ವರ್ಗವೇ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲವನ್ನು ಹೊರಹಾಕಿ, ತೈಲದ ಗುಣವನ್ನು ಕೆಡಿಸಿ, ಉಕ್ಕಿನ ಕೊಳವೆಗಳ ಸವೆತಕ್ಕೆ ಕಾರಣವಾಗುತ್ತದೆ ಎಂಬುದು ಗಮನಾರ್ಹ. ಸಮುದ್ರದ ನೀರನ್ನು ಹಾಯಿಸಿದಾಗ ಅದರಲ್ಲಿರುವ ಸಲ್ಫೇಟೇ ಈ ಜೀವಿಗಳಿಗೆ ಆಧಾರವಾಗುತ್ತದೆ. ನಾರ್ವೆಯ ಗುಲ್‌ಫಾಕ್ಸ್ ಕ್ಷೇತ್ರದಲ್ಲಿ 1999ರಿಂದ ಆ ನೀರಿಗೆ ನೈಟ್ರೇಟ್ ಸೇರಿಸಲಾಗಿ, ನೈಟ್ರೇಟ್ ಬಳಸುವ ಜೀವಿಗಳು ಮೇಲುಗೈ ಪಡೆದು ಸಲ್ಫೇಟ್ ಅಪಕರ್ಷಕಗಳ ಸಂಖ್ಯೆಯೂ ಸವೆತವೂ ತಗ್ಗಿದವು. ಒಂದೇ ನಿಕ್ಷೇಪದ ಜೀವಸಮೂಹವು ಆಹಾರ ಬದಲಾದಂತೆ ನಡತೆ ಬದಲಿಸುತ್ತದೆ ಎಂಬುದಕ್ಕೆ ಇದು ಸ್ಪಷ್ಟ ಸಾಕ್ಷಿ.

ಭಾರತದಲ್ಲಿ ಓಎನ್‌ಜಿಸಿ ಮತ್ತು ಟೆರಿ ಸಂಸ್ಥೆಗಳು ಸುಮಾರು 90 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿಯೂ ಬದುಕುವ ಬ್ಯಾಕ್ಟೀರಿಯ ಸಮೂಹವನ್ನು ರೂಪಿಸಿ, ಪೋಷಕಾಂಶದೊಡನೆ ಬಾವಿಗೆ ಇಳಿಸಿ, ಕೆಲಕಾಲ ಬಾವಿಯನ್ನು ಮುಚ್ಚಿಟ್ಟು ಮತ್ತೆ ಉತ್ಪಾದನೆಗೆ ತೆರೆಯುವ ಕ್ರಮವನ್ನು ಅನುಸರಿಸಿವೆ. ಇಂಥ ಬಾವಿಯಲ್ಲಿ ಕಾಣುವ ಏರಿಕೆಯು ಬಾವಿಯ ಬಾಯಿಯ ಸುತ್ತ ಕಟ್ಟಿದ ಮೇಣ ಕರಗಿದ್ದರಿಂದಲೂ ಆಗಿರಬಹುದಾದ ಕಾರಣ, ಉಪಚಾರಕ್ಕೆ ಮುಂಚಿನ ಇಳಿಕೆಯ ರೇಖೆಯೊಡನೆಯೂ ಉಪಚರಿಸದ ನೆರೆಬಾವಿಗಳೊಡನೆಯೂ ಅದನ್ನು ಹೋಲಿಸಿ ನೋಡಬೇಕಾಗುತ್ತದೆ. ನಿಕ್ಷೇಪದ ಶಾಖ, ಲವಣಾಂಶ, ಸಲ್ಫೇಟ್ ಪ್ರಮಾಣ ಮತ್ತು ಅಲ್ಲಿ ಈಗಾಗಲೇ ಇರುವ ಜೀವಸಮೂಹ ಇವುಗಳನ್ನು ಅರಿತ ಬಳಿಕವೇ ಪೋಷಕಾಂಶವನ್ನು ಆರಿಸುವ ಶಿಸ್ತು ನೆಲೆಗೊಂಡರೆ ಮಾತ್ರ ಈ ವಿಧಾನವು ಬಿಡಿ ಪ್ರಯೋಗಗಳ ಹಂತವನ್ನು ದಾಟಿ ನಂಬಲರ್ಹ ತಂತ್ರಜ್ಞಾನವಾಗಬಲ್ಲದು.