ಜೋನ್ಸ್ ಬೀದಿಯ ಸೋಮವಾರಗಳು

ಸೋಮವಾರವೆಂದರೆ ನಮ್ಮ ಅಮ್ಮನಿಗೆ ಒಪ್ಪತ್ತು. ತಿಪಟೂರಿನಲ್ಲಿದ್ದಾಗಲೂ ಅಷ್ಟೇ, ಎರಡು ವರ್ಷಕ್ಕೊಮ್ಮೆ ನಮ್ಮಲ್ಲಿಗೆ ಬಂದಾಗಲೂ ಅಷ್ಟೇ. ನಾವಿರುವುದು ನಾರ್ತ್ ಕೆರೊಲೈನಾದ ಕೇರಿ ಎಂಬ ಊರಿನಲ್ಲಿ. ಹೆಸರು ಕೇಳಿದ ಕನ್ನಡಿಗರೆಲ್ಲ ಮೊದಲು ನಗುತ್ತಾರೆ. ಆದರೆ ಸಾಫ್ಟ್‌ವೇರ್ ಕಂಪನಿಗಳು ಬೆಳೆದ ಮೇಲೆ ಇದು ನಿಜಕ್ಕೂ ನಮ್ಮವರ ಕೇರಿಯೇ ಆಗಿದೆ. 2013ರ ಬೇಸಿಗೆಯಲ್ಲಿ ಅಮ್ಮ ಬಂದಿದ್ದಾಗ ನಾನು ಸೋಮವಾರ ಸಂಜೆ ಮಾತ್ರ ತಡವಾಗಿ ಮನೆಗೆ ಬರುತ್ತಿದ್ದೆ. "ಅದ್ಯಾಕೋ, ಸೋಮವಾರ ಮಾತ್ರ ಅಷ್ಟೊಂದು ಕೆಲಸ?" ಎಂದು ಕೇಳಿದರು. ರಾಲಿಯ ಶಾಸನಸಭೆಯ ಹಿಂದಿನ ಹುಲ್ಲುಹಾಸಿನಲ್ಲಿ ನಿಂತು ಪಾದ್ರಿಗಳ ಭಾಷಣ ಕೇಳಿ, ಜನ ಅರೆಸ್ಟ್ ಆಗುವುದನ್ನು ನೋಡಿ ಬರುತ್ತಿದ್ದೇನೆ ಎಂದರೆ ಗಾಬರಿಯಾದಾರೆಂದು "ಹೂಂ" ಎಂದು ಸುಮ್ಮನಾದೆ.

ನಾನು ಅಲ್ಲಿಗೆ ಹೋದದ್ದು ಯಾವ ಸಿದ್ಧಾಂತದಿಂದಲೂ ಅಲ್ಲ. ನಮ್ಮ ಆಫೀಸಿನಲ್ಲಿ ರಾತ್ರಿ ಪಾಳಿಯಲ್ಲಿ ಕಸ ಗುಡಿಸಲು ಬರುತ್ತಿದ್ದ ಕರಿಯ ಹೆಂಗಸೊಬ್ಬರಿದ್ದರು. ವಯಸ್ಸು ಐವತ್ತಾರು. ಎರಡು ಕಡೆ ಅರೆಕಾಲಿಕ ಕೆಲಸ, ಎರಡರಲ್ಲೂ ಆರೋಗ್ಯವಿಮೆ ಇಲ್ಲ. ಸಕ್ಕರೆ ಕಾಯಿಲೆ. ತಿಂಗಳ ಕೊನೆಗೆ ಇನ್ಸುಲಿನ್ ಅರ್ಧಕ್ಕರ್ಧ ಮಾಡಿಕೊಳ್ಳುತ್ತೇನೆ ಎಂದು, ಹಾಲಿಗೆ ನೀರು ಬೆರೆಸುವ ಸಂಗತಿ ಹೇಳಿದಷ್ಟು ಸಲೀಸಾಗಿ ಒಮ್ಮೆ ಹೇಳಿದರು. "ಸೋಮವಾರ ಜೋನ್ಸ್ ಬೀದಿಗೆ ಹೋಗು, ನಮ್ಮ ಚರ್ಚಿನವರೆಲ್ಲ ಇರುತ್ತಾರೆ. ನನಗೆ ಪಾಳಿ ತಪ್ಪಿಸಲು ಆಗುವುದಿಲ್ಲ," ಎಂದೂ ಹೇಳಿದರು.

ಆಕೆಯ ಕಷ್ಟಕ್ಕೆ ಒಂದು ಕಾನೂನಿನ ಹಿನ್ನೆಲೆ ಇತ್ತು. ಒಬಾಮಾ ಕಾಲದ ಆರೋಗ್ಯ ಕಾಯಿದೆ ಬಡವರನ್ನೆಲ್ಲ ಮೆಡಿಕೇಡ್‌ಗೆ ಸೇರಿಸಿ, ಅದಕ್ಕಿಂತ ತುಸು ಮೇಲಿದ್ದವರಿಗೆ ವಿಮೆ ಕೊಳ್ಳಲು ಸಹಾಯಧನ ಕೊಡುವ ಲೆಕ್ಕಾಚಾರದಲ್ಲಿ ಬರೆದದ್ದು. 2012ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ಮೆಡಿಕೇಡ್ ವಿಸ್ತರಣೆ ಆಯಾ ರಾಜ್ಯದ ಇಷ್ಟಕ್ಕೆ ಬಿಟ್ಟದ್ದು ಎಂದಿತು. ಮೊದಲ ಮೂರು ವರ್ಷ ಪೂರ್ತಿ ಖರ್ಚು, ಆಮೇಲೂ ನೂರಕ್ಕೆ ತೊಂಬತ್ತು, ಕೇಂದ್ರ ಸರ್ಕಾರದ್ದೇ. ಆದರೂ ನಮ್ಮ ರಾಜ್ಯ ಬೇಡವೆಂದಿತು. 2013ರ ಮಾರ್ಚ್‌ನಲ್ಲಿ ಗವರ್ನರ್ ಪ್ಯಾಟ್ ಮೆಕ್ರೋರಿ ಆ ನಿರಾಕರಣೆಗೆ ಸಹಿ ಹಾಕಿದರು. ಪರಿಣಾಮ ವಿಚಿತ್ರ. ಸಹಾಯಧನ ಶುರುವಾಗುವುದೇ ಬಡತನದ ರೇಖೆಯ ಮೇಲೆ. ಒಂಟಿ ಮನುಷ್ಯನಿಗೆ ಆ ವರ್ಷದ ರೇಖೆ 11,490 ಡಾಲರ್. ಅದಕ್ಕಿಂತ ಕಡಿಮೆ ಗಳಿಸಿದರೆ ಸಹಾಯಧನವಿಲ್ಲ. ಸಾಕಬೇಕಾದ ಮಕ್ಕಳಿಲ್ಲದ, ಅಂಗವಿಕಲರಲ್ಲದ ವಯಸ್ಕರಿಗೆ ಎಷ್ಟೇ ಬಡವರಾದರೂ ಮೆಡಿಕೇಡ್ ಕೂಡ ಇಲ್ಲ. ಇನ್ನೂ ಸ್ವಲ್ಪ ಹೆಚ್ಚು ಗಳಿಸಿದ್ದರೆ ನೆರವು ಸಿಗುತ್ತಿತ್ತು ಎಂದು ಬಡವರಿಗೆ ಹೇಳುವ ಕಾನೂನು ಇದು.

ಅದೊಂದೇ ಅಲ್ಲ. ಹಿಂದಿನ ವರ್ಷದ ಚುನಾವಣೆಯಿಂದ ರಿಪಬ್ಲಿಕನ್ ಪಕ್ಷಕ್ಕೆ ಎರಡೂ ಸದನಗಳ ಜೊತೆಗೆ ಗವರ್ನರ್ ಪದವಿಯೂ ಒಟ್ಟಿಗೆ ಸಿಕ್ಕಿತ್ತು. ಈ ರಾಜ್ಯದಲ್ಲಿ ನೂರು ವರ್ಷಕ್ಕೂ ಮೇಲೆ ಹಾಗಾಗಿರಲಿಲ್ಲ. ನಿರುದ್ಯೋಗ ಭತ್ಯೆಯ ವಾರದ ಮಿತಿ 535 ಡಾಲರಿನಿಂದ 350ಕ್ಕೆ ಇಳಿಯಿತು. ಮರಣದಂಡನೆಯಲ್ಲಿ ವರ್ಣಭೇದವನ್ನು ಪ್ರಶ್ನಿಸಲು ಅವಕಾಶವಿದ್ದ 2009ರ ಕಾಯಿದೆ ರದ್ದಾಯಿತು. ಬೇಸಿಗೆ ಮುಗಿಯುವುದರೊಳಗೆ ಮತದಾನದ ನಿಯಮಗಳೂ ಬಿಗಿಯಾದವು.

ಇದಕ್ಕೆ ಎದುರು ನಿಂತವರ ಮುಂದಾಳು ಗೋಲ್ಡ್ಸ್‌ಬರೋದ ಗ್ರೀನ್‌ಲೀಫ್ ಚರ್ಚಿನ ಪಾದ್ರಿ, ರಾಜ್ಯದ ಎನ್‌ಎಎಸಿಪಿ ಅಧ್ಯಕ್ಷ ವಿಲಿಯಂ ಬಾರ್ಬರ್. ಬೆನ್ನುಮೂಳೆ ಬಿಗಿಯುವ ಕಾಯಿಲೆಯಿಂದ ಕೋಲೂರಿ ನಡೆಯುವ ದೊಡ್ಡ ಆಳು. ದನಿ ಎತ್ತಿದರೆ ಮೈಕಿನ ಅಗತ್ಯ ಕಾಣದು. ಏಪ್ರಿಲ್ 29, ಸೋಮವಾರ, ಅವರೂ ಸೇರಿ 17 ಮಂದಿ ಶಾಸನಸಭೆಯ ಒಳಗೆ, ಸದನದ ಹಿತ್ತಾಳೆ ಬಾಗಿಲುಗಳ ಮುಂದೆ ಪ್ರಾರ್ಥಿಸುತ್ತ ಹಾಡುತ್ತ ನಿಂತರು. ಪೊಲೀಸರು ಚದುರಲು ಹೇಳಿದರು. ಚದುರಲಿಲ್ಲ. ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೈ ಕಟ್ಟಿ ಬಸ್ಸಿನಲ್ಲಿ ಕರೆದೊಯ್ದರು. ಮುಂದಿನ ವಾರ ಇನ್ನಷ್ಟು ಜನ, ಅದರ ಮುಂದಿನ ವಾರ ಮತ್ತಷ್ಟು. ಅಧಿವೇಶನ ಮುಗಿಯುವ ಹೊತ್ತಿಗೆ ಬಂಧಿತರ ಸಂಖ್ಯೆ ಒಂಬೈನೂರು ದಾಟಿತ್ತು. 'ಮಾರಲ್ ಮಂಡೇ' ಎಂಬ ಹೆಸರು ಅಷ್ಟರಲ್ಲಿ ದೇಶಕ್ಕೇ ಗೊತ್ತಾಗಿತ್ತು. ಒಬ್ಬ ಸೆನೆಟರ್ ಅದನ್ನು 'ಮೋರಾನ್ ಮಂಡೇ', ಅಂದರೆ ಮಂದಮತಿಗಳ ಸೋಮವಾರ, ಎಂದು ಗೇಲಿ ಮಾಡಿ ಲೇಖನ ಬರೆದರು. ಮುಂದಿನ ಸಲ ಜನ ಹೆಚ್ಚಿಗೆ ಬಂದರು.

ಜೂನ್ 10ರಂದು ಪುರೋಹಿತ ವರ್ಗದ ಸರದಿ. ಅಂದು ನಾನೂ ಇದ್ದೆ. ಬ್ಯಾಪ್ಟಿಸ್ಟರು, ಮೆಥಡಿಸ್ಟರು, ಬಿಳಿ ಕಾಲರಿನ ಎಪಿಸ್ಕೋಪಲ್ ಪಾದ್ರಿಗಳು, ಕಿಪ್ಪಾ ಧರಿಸಿದ ಯೆಹೂದಿ ರಬ್ಬಿಗಳು, ಯೂನಿಟೇರಿಯನ್ನರು. ಕ್ವೇಕರ್ ಮುದುಕಿಯೊಬ್ಬರು ಮಡಿಸುವ ಕುರ್ಚಿ ತಂದಿದ್ದರು. ಕೂತದ್ದನ್ನು ಮಾತ್ರ ಕಾಣೆ. ಎಂಬತ್ತಕ್ಕೂ ಹೆಚ್ಚು ಜನ ಅರೆಸ್ಟಾದರು. ವರದಿ ಮಾಡಲು ಬಂದಿದ್ದ ಶಾರ್ಲೆಟ್ ಪತ್ರಿಕೆಯ ಧಾರ್ಮಿಕ ವಿಷಯಗಳ ವರದಿಗಾರನನ್ನೂ ಪೊಲೀಸರು ಹಿಡಿದೊಯ್ದರು. ಬಹುಪಾಲು ಬಿಳಿಗೂದಲಿನವರು, ನಿವೃತ್ತ ಮೇಷ್ಟರುಗಳು, ಪಾದ್ರಿಗಳು. ಜೈಲಿಗೆ ಹೋಗಲೂ ಒಂದು ಅನುಕೂಲ ಬೇಕೆಂದು ಆಗ ಹೊಳೆಯಿತು. ಪಾಳಿ ತಪ್ಪಿದರೆ ಸಂಬಳ ಹೋಗುವ ನಮ್ಮ ಆಫೀಸಿನ ಹೆಂಗಸಿಗೆ ಅದಿರಲಿಲ್ಲ.

ನನಗೂ ಇರಲಿಲ್ಲ, ಕಾರಣ ಬೇರೆ. ಎಚ್-1ಬಿ ವೀಸಾ, ವರ್ಷಗಟ್ಟಲೆಯಿಂದ ಸಾಲಿನಲ್ಲಿ ಕುಂತಿದ್ದ ಗ್ರೀನ್ ಕಾರ್ಡ್ ಅರ್ಜಿ. 'ಎಂದಾದರೂ ಬಂಧನಕ್ಕೊಳಗಾಗಿದ್ದೀರಾ' ಎಂಬ ಪ್ರಶ್ನೆಗೆ ಅಲ್ಲಿ ಹೌದು ಅಥವಾ ಇಲ್ಲ ಎಂದು ಉತ್ತರಿಸಬೇಕು. ದೇವರ ಕೆಲಸಕ್ಕೆ ಎಂದು ವಿವರಿಸಲು ಜಾಗ ಕಡಿಮೆ. ಆದ್ದರಿಂದ ನನ್ನ ಹೋರಾಟ ಹುಲ್ಲುಹಾಸಿನವರೆಗೆ. ಒಳಗೆ ಹೋಗುವ ಸಾಲು ಹೊರಟಾಗ ಜನ ಎರಡು ಬದಿಗೆ ಸರಿದು ದಾರಿ ಬಿಟ್ಟು ಚಪ್ಪಾಳೆ ತಟ್ಟುತ್ತಿದ್ದರು. ನಾನೂ ತಟ್ಟಿದೆ. ಅಷ್ಟೇ ಮಾಡಿದ್ದು.

ಒಂದು ಕೆಲಸ ಮಾತ್ರ ಮಾಡಲು ಹೋಗಿ ಸೋತೆ. ನಾನು ಹೋಗುತ್ತಿದ್ದ ಒಂದು ಧಾರ್ಮಿಕ ಸಂಸ್ಥೆಯ ಸಮಿತಿಗೆ, ಮೆಡಿಕೇಡ್ ಬಗ್ಗೆ ಒಂದು ಸಾರ್ವಜನಿಕ ಹೇಳಿಕೆಗೆ ನಾವೂ ಸಹಿ ಹಾಕೋಣ ಎಂದು ಕೇಳಿಕೊಂಡೆ. "ತೆರಿಗೆ ವಿನಾಯಿತಿ ಹೋದೀತು, ರಾಜಕೀಯ ನಮಗೆ ನಿಷಿದ್ಧ," ಎಂದರು. ಇದು ನಮ್ಮವರಲ್ಲಿ ಬೇರೂರಿದ ತಪ್ಪು ತಿಳಿವಳಿಕೆ. 1954ರ ಜಾನ್ಸನ್ ತಿದ್ದುಪಡಿ ನಿಷೇಧಿಸುವುದು ಚುನಾವಣೆಯಲ್ಲಿ ಅಭ್ಯರ್ಥಿಯ ಪರವೋ ವಿರೋಧವೋ ನಿಲ್ಲುವುದನ್ನು. ಕಾಯಿದೆ, ಬಜೆಟ್ಟುಗಳ ಬಗ್ಗೆ ಒಂದು ಮಿತಿಯೊಳಗೆ ದನಿ ಎತ್ತುವುದನ್ನಲ್ಲ. ನಾರ್ತ್ ಕೆರೊಲೈನಾ ಕೌನ್ಸಿಲ್ ಆಫ್ ಚರ್ಚಸ್ 1935ರಿಂದ ಇದನ್ನೇ ಮಾಡುತ್ತ ಬಂದಿದೆ. ಸಮಿತಿಯವರು ಕೆಟ್ಟವರಲ್ಲ. ಅನ್ನದಾನಕ್ಕೆ ಕೈ ಮುಂದು, ಆರೋಗ್ಯ ಶಿಬಿರವೆಂದರೆ ನಮ್ಮ ಡಾಕ್ಟರುಗಳೇ ಓಡಿ ಬರುತ್ತಾರೆ. ಹಸಿದವನಿಗೆ ಬಡಿಸುತ್ತೇವೆ, ಯಾಕೆ ಹಸಿದೆ ಎಂದು ಸರ್ಕಾರವನ್ನು ಕೇಳಲು ಮಾತ್ರ ಸಂಕೋಚ. ದಾಸೋಹವೆಂಬ ಮಾತನ್ನು ಬಿಜ್ಜಳನ ರಾಜಧಾನಿಯಲ್ಲೇ, ಅವನ ಭಂಡಾರದ ಲೆಕ್ಕ ಬರೆಯುತ್ತಲೇ ಬೆಳೆಸಿದವರ ನಾಡಿನಿಂದ ಬಂದವರು ನಾವು ಎಂದು ಹೇಳಬೇಕೆನಿಸಿತ್ತು. ಹೇಳಲಿಲ್ಲ. ನನ್ನ ವೀಸಾದ ಅಂಜಿಕೆಗೂ ಅವರ ತೆರಿಗೆಯ ಅಂಜಿಕೆಗೂ ವ್ಯತ್ಯಾಸವೇನು?

ಬಾರ್ಬರ್ ಭಾಷಣದಲ್ಲಿ ನನಗೆ ಹೊಸದಾಗಿ ಕಂಡದ್ದು ಚರಿತ್ರೆ. 1890ರ ದಶಕದಲ್ಲಿ ಇದೇ ರಾಜ್ಯದಲ್ಲಿ ಬಡ ಬಿಳಿಯ ರೈತರ ಪಾಪ್ಯುಲಿಸ್ಟ್ ಪಕ್ಷವೂ ಕರಿಯರಿದ್ದ ಅಂದಿನ ರಿಪಬ್ಲಿಕನ್ ಪಕ್ಷವೂ ಕೂಡಿಕೊಂಡು 1894ರಲ್ಲಿ ಶಾಸನಸಭೆ ಗೆದ್ದವು. ಅದನ್ನು 'ಫ್ಯೂಷನ್' ಎನ್ನುತ್ತಿದ್ದರು. 1898ರ ನವೆಂಬರ್ 10ರಂದು ವಿಲ್ಮಿಂಗ್‌ಟನ್‌ನಲ್ಲಿ ಬಿಳಿಯರ ಶಸ್ತ್ರಸಜ್ಜಿತ ಗುಂಪು ಕರಿಯರ ಪತ್ರಿಕೆಯ ಕಚೇರಿಗೆ ಬೆಂಕಿ ಇಟ್ಟು, ಜನರನ್ನು ಕೊಂದು, ಚುನಾಯಿತ ನಗರಾಡಳಿತವನ್ನು ಬಂದೂಕಿನ ಬಾಯಲ್ಲಿ ಉರುಳಿಸಿತು. ಎರಡೇ ವರ್ಷದಲ್ಲಿ ಮತದಾರನಿಗೆ ಅಕ್ಷರ ಪರೀಕ್ಷೆ ಬಂತು. ಆ ಪರೀಕ್ಷೆಯ ಸಾಲು, ಜಾರಿಯಲ್ಲಿಲ್ಲದಿದ್ದರೂ, ರಾಜ್ಯದ ಸಂವಿಧಾನದಲ್ಲಿ ಇನ್ನೂ ಅಚ್ಚಾಗಿಯೇ ಇದೆ. ಇಪ್ಪತ್ತೊಂದನೆಯ ಶತಮಾನದ ಫ್ಯೂಷನ್ ಕಟ್ಟುತ್ತಿದ್ದೇನೆ ಎಂಬುದು ಬಾರ್ಬರ್ ವಾದ. ಎಡ ಬಲ ಎನ್ನಬೇಡಿ, ಸರಿ ತಪ್ಪು ಎನ್ನಿ ಎಂಬುದು ಅವರ ಪಲ್ಲವಿ. ಇದು 2013ರಲ್ಲಿ ದಿಢೀರನೆ ಹುಟ್ಟಿದ್ದೂ ಅಲ್ಲ. 2007ರಿಂದಲೇ, ಡೆಮಾಕ್ರಟರ ಆಳ್ವಿಕೆ ಇದ್ದಾಗಲೇ, ಪ್ರತಿ ಫೆಬ್ರುವರಿಯಲ್ಲಿ ಜೋನ್ಸ್ ಬೀದಿಗೆ ಮೆರವಣಿಗೆ ತರುತ್ತಿದ್ದರು.

ಈ ಒಗ್ಗಟ್ಟು ಬರೀ ಮಾತಲ್ಲ ಎಂದು ನನಗೆ ನಂಬಿಕೆ ಬಂದದ್ದು 2014ರಲ್ಲಿ. ಜುಲೈ 1ರಂದು ಪೂರ್ವ ತೀರದ ಬೆಲ್‌ಹೇವನ್ ಎಂಬ ಸಣ್ಣ ಊರಿನ ಆಸ್ಪತ್ರೆ ಮುಚ್ಚಿತು. ಅಲ್ಲಿಯ ಮೇಯರ್ ಆಡಮ್ ಓನೀಲ್ ಬಿಳಿಯ, ರಿಪಬ್ಲಿಕನ್. ಆತ ಬಾರ್ಬರ್ ಜೊತೆ ಕೈ ಜೋಡಿಸಿ, ಊರಿಂದ ವಾಷಿಂಗ್ಟನ್‌ವರೆಗೆ 273 ಮೈಲಿ ಕಾಲ್ನಡಿಗೆಯಲ್ಲಿ ಹೋದರು. ಮೆಡಿಕೇಡ್ ವಿಸ್ತರಣೆಯನ್ನು ತಮ್ಮ ಪಕ್ಷದ ವಿರುದ್ಧವೇ ಕೇಳಿದರು. ಆಸ್ಪತ್ರೆ ತೆರೆಯಲಿಲ್ಲ.

ಕೋರ್ಟುಗಳಲ್ಲಿ ಕೆಲವು ಗೆಲುವು ಬೇಗ ಬಂದವು. ಬಂಧಿತರ ಮೇಲಿನ ಬಹುಪಾಲು ಮೊಕದ್ದಮೆಗಳನ್ನು 2014ರಲ್ಲಿ ಕೈಬಿಟ್ಟರು. ಮತದಾನದ ಕಾಯಿದೆಯನ್ನು 2016ರ ಜುಲೈನಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಕರಿಯ ಮತದಾರರನ್ನೇ ಗುರಿಮಾಡಿದೆ ಎಂದು ರದ್ದುಮಾಡಿತು. ಮೆಡಿಕೇಡ್ ಮಾತ್ರ ಹತ್ತು ವರ್ಷ ತೆಗೆದುಕೊಂಡಿತು. 2023ರ ಮಾರ್ಚ್ 27ರಂದು ಗವರ್ನರ್ ರಾಯ್ ಕೂಪರ್ ಸಹಿ ಹಾಕಿದರು. ಅದೂ ಒಂದು ಸೋಮವಾರವೇ. ವಿಸ್ತರಣೆ ಒಪ್ಪಿದ 40ನೆಯ ರಾಜ್ಯ ನಮ್ಮದು. ಪಾದ್ರಿಗಳ ಪ್ರಾರ್ಥನೆಯಿಂದಲೇ ಇದಾಯಿತು ಎಂದರೆ ಸುಳ್ಳಾಗುತ್ತದೆ. ಹಳ್ಳಿಯ ಆಸ್ಪತ್ರೆಗಳ ಕಷ್ಟ, 2021ರಲ್ಲಿ ಕೇಂದ್ರ ಮುಂದಿಟ್ಟ ಹೆಚ್ಚುವರಿ ಹಣ, ವರ್ಷಗಟ್ಟಲೆ ವಿರೋಧಿಸಿದ್ದ ಸೆನೆಟ್ ನಾಯಕ ಫಿಲ್ ಬರ್ಗರ್ ಮನಸ್ಸು ಬದಲಿಸಿದ್ದು, ಎಲ್ಲವೂ ಸೇರಿದವು. ಆದರೆ ಹಣದ ಲೆಕ್ಕ ಮೊದಲ ದಿನದಿಂದಲೂ ಹೆಚ್ಚುಕಡಿಮೆ ಅದೇ ಇತ್ತು. ಆ ಹತ್ತು ವರ್ಷ ವಿಷಯ ಸಾಯದಂತೆ ನೋಡಿಕೊಂಡವರು ಯಾರು ಎಂದು ಕೇಳಿದರೆ ಆ ಮಡಿಸುವ ಕುರ್ಚಿಯ ಅಜ್ಜಿಯ ಕಡೆಗೇ ನಾನು ಬೊಟ್ಟು ಮಾಡುವುದು.

ಡಿಸೆಂಬರ್ 1ರಂದು ಯೋಜನೆ ಜಾರಿಗೆ ಬಂತು. ಸುಮಾರು ಆರು ಲಕ್ಷ ಜನಕ್ಕೆ ಅನ್ವಯಿಸುತ್ತದೆಂದು ಅಂದಾಜು. ಅಷ್ಟರಲ್ಲಿ ನನ್ನ ಗ್ರೀನ್ ಕಾರ್ಡೂ ಬಂದಾಗಿತ್ತು. ಅಂದು ಸಂಜೆ ಫೋನಿನಲ್ಲಿ ಅಮ್ಮನಿಗೆ ಹಳೆಯ ಸೋಮವಾರಗಳ ಗುಟ್ಟು ಹೇಳಿದೆ. "ಮತ್ತೆ ಆ ಕಸ ಗುಡಿಸೋ ಹೆಂಗಸಿಗೆ ಸಿಕ್ಕಿತೇನೋ?" ಎಂದು ಕೇಳಿದರು. ನಮ್ಮ ಆಫೀಸು 2015ರಲ್ಲೇ ಬೇರೆ ಕಟ್ಟಡಕ್ಕೆ ಹೋಗಿತ್ತು. ಆಮೇಲೆ ನಾನು ಆಕೆಯನ್ನು ನೋಡಲೇ ಇಲ್ಲ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಬದುಕಿದ್ದರೆ ಆಕೆಗೆ ಈಗ ಅರವತ್ತಾರು. ಅರವತ್ತೈದಾದವರಿಗೆ ಮೆಡಿಕೇರ್ ಇದೆ. ಈ ವಿಸ್ತರಣೆ ಅವರಿಗಲ್ಲ.

"ಇಲ್ಲಮ್ಮ," ಎಂದೆ.