ಚಾರ್ಜ್ ಕೊಟ್ಟು ಹೊರಟವರು

ಜನವರಿ 15 ಸೇನಾ ದಿನ. 2023ರಲ್ಲಿ ಮೊದಲ ಸಲ ದೆಹಲಿ ಬಿಟ್ಟು ನಮ್ಮ ಬೆಂಗಳೂರಲ್ಲಿ ಅದರ ಪರೇಡ್ ನಡೆಯಿತಲ್ಲ, ಅದೇ. ಆ ದಿನ ನಾವು ಯಾವ ಯುದ್ಧ ಗೆದ್ದಿದ್ದು ಅಂತ ಯಾರನ್ನಾದರೂ ಕೇಳಿ ನೋಡಿ. ಕೆಲವರು 1971 ಅಂತಾರೆ, ಕೆಲವರು ಕಾರ್ಗಿಲ್ ಅಂತಾರೆ. ಎರಡೂ ಅಲ್ಲ. ನೌಕಾಪಡೆಯ ಡಿಸೆಂಬರ್ 4 ಕರಾಚಿ ಬಂದರಿನ ಮೇಲಿನ ದಾಳಿಯ ನೆನಪು. ವಾಯುಪಡೆಯ ಅಕ್ಟೋಬರ್ 8, 1932ರಲ್ಲಿ ಅದು ಹುಟ್ಟಿದ ದಿನ. ಭೂಸೇನೆಯದ್ದು ಮಾತ್ರ ಒಬ್ಬ ಅಧಿಕಾರಿ ಚಾರ್ಜ್ ಕೊಟ್ಟು ಇನ್ನೊಬ್ಬರು ತಗೊಂಡ ದಿನ. ಐಟಿಯವರ ಭಾಷೆಯಲ್ಲಿ ಹೇಳೋದಾದ್ರೆ, ಕೆಟಿ ಮುಗಿದ ದಿನ.

1949ರ ಆ ಜನವರಿ 15ರಂದು ಕೊಟ್ಟವರು ಜನರಲ್ ಸರ್ ರಾಯ್ ಬುಚರ್. ತಗೊಂಡವರು ಕೊಡಗಿನ ಕೊಡಂದೇರ ಮಾದಪ್ಪ ಕಾರ್ಯಪ್ಪ. ನಾವು ದಿನಾ ಸಿಗ್ನಲ್ಲಿನಲ್ಲಿ ನಿಂತು ಬೈಕೊಳ್ಳೋ ರೆಸಿಡೆನ್ಸಿ ರಸ್ತೆಯ ಅಧಿಕೃತ ಹೆಸರು ಅವರದ್ದೇ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆ.

ಸ್ವಾತಂತ್ರ್ಯ ಬಂದು ಆಗಲೇ ಹದಿನೇಳು ತಿಂಗಳಾಗಿತ್ತು. ಅಷ್ಟೂ ದಿನ ಸ್ವತಂತ್ರ ಭಾರತದ ಸೇನೆಯ ಮುಖ್ಯಸ್ಥರು ಬ್ರಿಟಿಷರೇ. ಮೊದಲು ರಾಬ್ ಲಾಕ್‌ಹಾರ್ಟ್, 1948ರ ಜನವರಿ 1ರಿಂದ ಬುಚರ್. ಕಾಶ್ಮೀರದಲ್ಲಿ ಯುದ್ಧ ನಡೀತಿದ್ದಾಗ ಈ ಕಡೆ ಸೇನೆಗೂ ಆ ಕಡೆ ಸೇನೆಗೂ ತಲೆಯಾಗಿ ಕೂತಿದ್ದವರು ಬ್ರಿಟಿಷ್ ಜನರಲ್‌ಗಳು ಅನ್ನೋದನ್ನ ಈಗ ಓದಿದರೆ ವಿಚಿತ್ರ ಅನ್ನಿಸುತ್ತೆ. ಕದನವಿರಾಮ ಜಾರಿಗೆ ಬಂದಿದ್ದು 1949ರ ಜನವರಿ 1ಕ್ಕೆ. ಅದಾಗಿ ಎರಡು ವಾರಕ್ಕೆ ಕಾರ್ಯಪ್ಪ ಬಂದರು. ಬೇರೆ ಪಡೆಗಳು ಇನ್ನೂ ಕಾಯಬೇಕಾಯಿತು: ವಾಯುಪಡೆಗೆ ಸುಬ್ರತೋ ಮುಖರ್ಜಿ ಬಂದಿದ್ದು 1954ರಲ್ಲಿ, ನೌಕಾಪಡೆಗೆ ರಾಮದಾಸ್ ಕಟಾರಿ ಬಂದಿದ್ದು 1958ರಲ್ಲಿ.

ಕಾರ್ಯಪ್ಪ ಇಂದೋರಿನ ಡೇಲಿ ಕೆಡೆಟ್ ಕಾಲೇಜಿನಿಂದ ಅಧಿಕಾರಿಯಾಗಿ ಹೊರಬಂದಿದ್ದು 1919ರಲ್ಲಿ. ಒಂದು ಬೆಟಾಲಿಯನ್ ಅವರ ಕೈಗೆ ಬಂದಿದ್ದು 1942ರಲ್ಲಿ, ಅದೂ ಹಾಗೆ ಬೆಟಾಲಿಯನ್ ಸಿಕ್ಕ ಮೊದಲ ಭಾರತೀಯ ಅವರೇ. ಬೆಟಾಲಿಯನ್ ಅಂದರೆ ಎಂಟುನೂರು ಚಿಲ್ಲರೆ ಜನ. ಅಷ್ಟನ್ನು ನಂಬಿ ಕೊಡೋಕೆ ಬ್ರಿಟಿಷರು 23 ವರ್ಷ ತಗೊಂಡರು. ಅಲ್ಲಿಂದ ಇಡೀ ಸೇನೆಗೆ ಬೇಕಾಗಿದ್ದು ಏಳೇ ವರ್ಷ.

ಇಷ್ಟಕ್ಕೂ ಚಾರ್ಜ್ ಕೊಡೋಕೆ ಒಂದು ಸಹಿ ಸಾಲದಾ? ಕಾಗದದ ಮಟ್ಟಿಗೆ ಸಾಕು. ಆದರೆ ಸೈನ್ಯದಲ್ಲಿ ಈ ಕ್ಷಣದಿಂದ ಯಾರ ಮಾತು ಕೇಳಬೇಕು ಅನ್ನೋದನ್ನ ಎಲ್ಲರೂ ಒಟ್ಟಿಗೆ, ಕಣ್ಣಾರೆ ನೋಡಿರಬೇಕು. ಯುರೋಪಿನ ಹಳೇ ಸೈನ್ಯಗಳಲ್ಲಿ ರೆಜಿಮೆಂಟಿನ ಬಾವುಟವನ್ನು ಸೈನಿಕರ ಸಾಲುಗಳ ನಡುವೆ ನಿಧಾನವಾಗಿ ಹೊತ್ತು ಸಾಗುತ್ತಿದ್ದರು. ನಾಳೆ ಯುದ್ಧದ ಹೊಗೆಯಲ್ಲಿ ನನ್ನ ಬಾವುಟ ಯಾವುದು ಅಂತ ಪ್ರತಿಯೊಬ್ಬನಿಗೂ ಗುರುತು ಸಿಗಲಿ ಅಂತ. ಅಮೆರಿಕದ ಸೇನೆಯಲ್ಲಿ ಇವತ್ತಿಗೂ ಕಮಾಂಡ್ ಬದಲಾಗುವಾಗ ತುಕಡಿಯ ಬಾವುಟ ಕೈಯಿಂದ ಕೈಗೆ ಹೋಗುತ್ತದೆ. ಹಿರಿಯ ಸಾರ್ಜೆಂಟಿನಿಂದ ಹೊರಡುವವರಿಗೆ, ಅವರಿಂದ ಮೇಲಧಿಕಾರಿಗೆ, ಮೇಲಧಿಕಾರಿಯಿಂದ ಬರುವವರಿಗೆ, ಮತ್ತೆ ಸಾರ್ಜೆಂಟಿಗೆ. ನಮ್ಮಲ್ಲಿ ಆ ಜಾಗದಲ್ಲಿ ಕಾಣೋದು ಒಂದು ಬ್ಯಾಟನ್, ಮೊಳದುದ್ದದ ಕೋಲು.

ಆ ಕೋಲನ್ನು ನಾನು ಲೆನ್ಸಿನಲ್ಲಿ ಹತ್ತಿರದಿಂದ ನೋಡಿದ್ದೀನಿ. ನನ್ನ ಗೆಳೆಯನ ಅಣ್ಣ ಒಂದು ಬೆಟಾಲಿಯನ್ನಿನ ಕಮಾಂಡ್ ತಗೊಂಡಾಗ ಮನೆಯವರ ಪರವಾಗಿ ಫೋಟೋ ತೆಗೆಯೋಕೆ ಹೋಗಿದ್ದೆ. ಕೊಡಗಿನ ಕುಟುಂಬ, ಎರಡು ತಲೆಮಾರಿನಿಂದ ಸೈನ್ಯದಲ್ಲಿರುವವರು. ಊರು, ಯೂನಿಟ್ಟು ಬರೆಯಬಾರದು ಅಂತ ಹೇಳಿದ್ದಾರೆ, ಬರೆಯಲ್ಲ. ಗೇಟಿನಲ್ಲಿ ಮೊಬೈಲ್ ಕೊಟ್ಟು, ಕ್ಯಾಮೆರಾಗೆ ಮೊದಲೇ ತಗೊಂಡ ಅನುಮತಿ ತೋರಿಸಿ ಒಳಗೆ ಹೋದೆ. ಮನೆಯವರಿಗೆ ಬೇಕಿದ್ದಿದ್ದು ಒಂದೇ ಫೋಟೋ: ಬ್ಯಾಟನ್ ಮೇಲೆ ಇಬ್ಬರ ಕೈಯೂ ಇರೋದು. ಆ ಕ್ಷಣ ಎರಡು ಸೆಕೆಂಡಿಗಿಂತ ಹೆಚ್ಚಿಲ್ಲ. ಬರ್ಸ್ಟ್‌ನಲ್ಲಿ ಹದಿನೆಂಟು ಫ್ರೇಮ್ ಸಿಕ್ಕಿತು. ಹದಿನೆಂಟರಲ್ಲೂ ನಾನು ಫೋಕಸ್ ಇಟ್ಟಿದ್ದು ಅಣ್ಣನ ಮುಖಕ್ಕೆ, ಸಹಜ ತಾನೇ?

ಪಕ್ಕದಲ್ಲಿ ಕೂತಿದ್ದ ಗೆಳೆಯನ ಅಮ್ಮ ಮೆಲ್ಲಗೆ ತೋಳು ಮುಟ್ಟಿ ಹೇಳಿದರು: "ಹೊರಡುವವರದ್ದೂ ತೆಗಿಯಪ್ಪ. ಅವರ ಹೆಂಡತಿ, ಮಕ್ಕಳದ್ದೂ ತೆಗಿ. ಅವರದ್ದು ಯಾರೂ ತೆಗೆಯಲ್ಲ." ಅವರ ಯಜಮಾನರೂ ಸೈನ್ಯದಲ್ಲಿದ್ದವರು. ಹೀಗೆ ಎಷ್ಟು ಮನೆ ಖಾಲಿ ಮಾಡಿದ್ದರೋ.

ಆ ಮಾತು ಕೇಳಿದ ಮೇಲೆ 1949ರ ಕಥೆಯನ್ನೂ ನಾನು ಬೇರೆ ರೀತಿ ಓದೋಕೆ ಶುರುಮಾಡಿದೆ. ನಾವೆಲ್ಲ ಸಂಭ್ರಮಿಸೋದು ಕಾರ್ಯಪ್ಪ ಚಾರ್ಜ್ ತಗೊಂಡಿದ್ದನ್ನ. ಅವರು ಕೊಟ್ಟ ದಿನ ಯಾವುದು? 1953ರ ಜನವರಿ 14. ನಾಲ್ಕು ವರ್ಷ ಮುಗಿಯಿತು, ಮಹಾರಾಜ ಕುಮಾರ್ ರಾಜೇಂದ್ರಸಿಂಹಜಿಗೆ ಕೊಟ್ಟು ಹೊರಟರು. ಈ ದಿನಕ್ಕೆ ಸೇನಾ ದಿನದಂಥ ಪರೇಡ್ ಇಲ್ಲ.

ಇದು ದೊಡ್ಡ ವಿಷಯವಾ ಅನ್ನೋರು ಗಡಿಯ ಆಚೆ ನೋಡಬೇಕು. ಪಾಕಿಸ್ತಾನದಲ್ಲೂ ಇದೇ ಶಾಸ್ತ್ರ ನಡೆಯಿತು. 1951ರ ಜನವರಿಯಲ್ಲಿ ಬ್ರಿಟಿಷ್ ಜನರಲ್ ಡಗ್ಲಸ್ ಗ್ರೇಸಿಯಿಂದ ಅಯೂಬ್ ಖಾನ್ ಚಾರ್ಜ್ ತಗೊಂಡರು. ಅದೇ ಹಳೇ ಸೇನೆಯಲ್ಲಿ ಪಳಗಿದವರು, ಒಂದು ಕಾಲದಲ್ಲಿ ಕಾರ್ಯಪ್ಪನವರ ಕೈಕೆಳಗೇ ಕೆಲಸ ಮಾಡಿದ್ದವರು. ಅವರ ಅವಧಿ ಮುಗಿಯಲೇ ಇಲ್ಲ, ವಿಸ್ತರಣೆ ಸಿಕ್ಕಿತು. ಏಳು ವರ್ಷ ಕಳೆದರೂ ಅದೇ ಕುರ್ಚಿಯಲ್ಲಿದ್ದರು. 1958ರ ಅಕ್ಟೋಬರಿನಲ್ಲಿ ಆ ಕುರ್ಚಿಯಿಂದ ಎದ್ದು ನೇರ ರಾಷ್ಟ್ರಾಧ್ಯಕ್ಷರ ಕುರ್ಚಿಗೆ ಹೋಗಿ ಕೂತರು.

ಇದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಅಲ್ಲಿ ಜಿನ್ನಾ 1948ರಲ್ಲೇ ತೀರಿಕೊಂಡರು, ಲಿಯಾಕತ್ ಅಲಿ ಖಾನ್ ಹತ್ಯೆಯಾಗಿದ್ದು 1951ರಲ್ಲಿ, ಸಂವಿಧಾನ ಬಂದಿದ್ದು 1956ಕ್ಕೆ. ಇಲ್ಲಿ 1950ಕ್ಕೇ ಸಂವಿಧಾನ ಇತ್ತು, ಮೂರೂ ಪಡೆಗಳ ಪರಮೋಚ್ಚ ಅಧಿಕಾರ ರಾಷ್ಟ್ರಪತಿಯದ್ದು ಅಂತ ಅದರಲ್ಲಿ ಬರೆದಿತ್ತು. 1955ರಲ್ಲಿ ಸೇನಾ ಮುಖ್ಯಸ್ಥರ "ಕಮಾಂಡರ್ ಇನ್ ಚೀಫ್" ಅನ್ನೋ ಹೆಸರನ್ನೂ ಕಾನೂನು ಮಾಡಿ ತೆಗೆದುಹಾಕಿ "ಚೀಫ್ ಆಫ್ ಆರ್ಮಿ ಸ್ಟಾಫ್" ಅಂತ ಇಳಿಸಿದರು. ಹೆಸರು ಬದಲಾಯಿಸೋದು ಸಣ್ಣ ವಿಷಯ ಅಲ್ಲ ಅಂತ ಆಗಿನವರಿಗೆ ಗೊತ್ತಿತ್ತು.

ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರ ಕಥೆಯನ್ನೂ ಇಲ್ಲಿ ನೆನಪಿಸ್ಕೊಳ್ಳಬೇಕು. 1959ರಲ್ಲಿ, ಅಂದರೆ ಅಯೂಬ್ ಕ್ರಾಂತಿ ಮಾಡಿ ವರ್ಷ ತುಂಬುವ ಮೊದಲೇ, ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಜಟಾಪಟಿಯಾಗಿ ಅವರು ರಾಜೀನಾಮೆ ಬರೆದರು. ನೆಹರೂ ಹೇಳಿದ ಮೇಲೆ ವಾಪಸ್ ತಗೊಂಡರು. ಸೇನಾ ಮುಖ್ಯಸ್ಥನಿಗೆ ಸರ್ಕಾರದ ಮೇಲೆ ಸಿಟ್ಟು ಬಂದಾಗ ಕೈಗೆ ಸಿಕ್ಕ ಆಯುಧ ರಾಜೀನಾಮೆ ಪತ್ರ ಅಷ್ಟೇ. 1961ರ ಮೇ ತಿಂಗಳಲ್ಲಿ ಅವಧಿ ಮುಗಿಯಿತು, ಹೊರಟರು.

ಕಾರ್ಯಪ್ಪನವರಿಗೆ ರಾಜಕೀಯದ ಬಗ್ಗೆ ಅಭಿಪ್ರಾಯ ಇರಲಿಲ್ಲ ಅಂತಲ್ಲ, ಬೇಕಾದಷ್ಟಿತ್ತು. 1971ರಲ್ಲಿ ಮುಂಬೈಯಲ್ಲಿ ಲೋಕಸಭೆಗೆ ನಿಂತು ಸೋತರು ಕೂಡ. ಆದರೆ ಅದು ಯೂನಿಫಾರ್ಮ್ ಕಳಚಿ ಹದಿನೆಂಟು ವರ್ಷ ಆದಮೇಲೆ, ಓಟು ಕೇಳಿಕೊಂಡು. 1953ರಲ್ಲಿ ಹೊರಡುವ ಮುನ್ನ ಅವರು ಮಗ, ಮಗಳನ್ನು ಕರ್ಕೊಂಡು ತಮ್ಮ ರಜಪೂತ್ ರೆಜಿಮೆಂಟಿನ ಕೇಂದ್ರಕ್ಕೆ ಹೋಗಿ ವಿದಾಯ ಹೇಳಿ ಬಂದರು. ಆಮೇಲೆ ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೈಕಮಿಷನರ್. ಆಮೇಲೆ ಮಡಿಕೇರಿಯ ರೋಶನಾರಾ ಮನೆ. ಫೀಲ್ಡ್ ಮಾರ್ಷಲ್ ಪದವಿ ಸಿಕ್ಕಿದ್ದು 1986ರಲ್ಲಿ, ಅವರಿಗೆ 87 ವರ್ಷ ಆಗಿದ್ದಾಗ.

ನಾನು ಹೋಗಿದ್ದ ಬೆಟಾಲಿಯನ್ನಿನಲ್ಲಿ ಆ ದಿನ ಕೊನೆಗೆ ನಡೆದದ್ದು ಜೀಪ್ ಎಳೆಯೋ ಶಾಸ್ತ್ರ. ಹೊರಡುವ ಕರ್ನಲ್ ಮತ್ತು ಅವರ ಕುಟುಂಬವನ್ನು ಹೂವಿನಿಂದ ಅಲಂಕರಿಸಿದ ತೆರೆದ ಜೀಪಿನಲ್ಲಿ ಕೂರಿಸಿ, ಎಂಜಿನ್ ಆಫ್ ಮಾಡಿ, ಮುಂದೆ ಎರಡು ಹಗ್ಗ ಕಟ್ಟಿ ಅಧಿಕಾರಿಗಳೂ ಜವಾನರೂ ಸೇರಿ ಗೇಟಿನವರೆಗೆ ಎಳೀತಾರೆ. ಥೇಟ್ ನಮ್ಮೂರ ತೇರಿನ ಹಾಗೆ. ಹೊಸ ಕಮಾಂಡರ್ ಪಕ್ಕದಲ್ಲಿ ನಡೀತಿದ್ದರು. ಹೊರಡುವವರ ಹೆಂಡತಿ ಕಪ್ಪು ಕನ್ನಡಕ ಹಾಕಿದ್ದರು. ಹಿಂದಿನ ಸೀಟಿನಲ್ಲಿ ಮಕ್ಕಳಿಬ್ಬರೂ ಹೂವು ಕಿತ್ತು ಹಗ್ಗ ಎಳೆಯೋರ ಮೇಲೆ ಎಸೀತಿದ್ದರು. ಗೇಟು ಬಂತು, ಹಗ್ಗ ಬಿಚ್ಚಿದರು, ಎಂಜಿನ್ ಶುರುವಾಯಿತು. ಕರ್ನಲ್ ಒಂದೇ ಒಂದು ಸಲ ಹಿಂದಕ್ಕೆ ತಿರುಗಿ ನೋಡಿದರು. ಅಷ್ಟರಲ್ಲಿ ಇಲ್ಲಿ ಎಲ್ಲರ ಮುಖವೂ ಹೊಸಬರ ಕಡೆ ತಿರುಗಿತ್ತು.

ಆ ಫೋಟೋನ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಫ್ರೇಮ್ ಕಟ್ಟಿಸಿ, ಹೊಸ ವಿಳಾಸ ಹುಡುಕಿ ಕಳಿಸಿದ್ದು ಗೆಳೆಯನ ಅಮ್ಮ. ಬ್ಯಾಟನ್ನಿನ ಹದಿನೆಂಟು ಫ್ರೇಮ್ ಇನ್ನೂ ಗೂಗಲ್ ಡ್ರೈವ್‌ನಲ್ಲೇ ಇವೆ.